ಪ್ರವಾಸ ಮುಗಿಸಿ ಬಂದ ಮೇಲೆ ಉಳಿದ ಡಾಲರ್ ಏನು ಮಾಡಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಹೊರದೇಶದ ಮಕ್ಕಳ ಮನೆಗೆ ಹೋಗಿಬಂದ ಹಿರಿಯರ ಬೀರುವಿನಲ್ಲಿ ಒಂದಿಷ್ಟು ಡಾಲರ್, ದಿರ್ಹಾಮ್ ಉಳಿದಿರುತ್ತದೆ. ಮುಂದಿನ ಸಲಕ್ಕಾಯಿತೆಂದು ಇಟ್ಟುಕೊಳ್ಳುವುದು ತಪ್ಪಲ್ಲ, ಆದರೆ ಅದಕ್ಕೆ ಮಿತಿಯಿದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗಿನ ನೋಟು ಇಟ್ಟುಕೊಳ್ಳಬಹುದು. ಮಿಕ್ಕಿದ್ದನ್ನು ಮರಳಿ ಬಂದ 180 ದಿನಗಳೊಳಗೆ ಬ್ಯಾಂಕಿಗೋ ಪರವಾನಗಿ ಇರುವ ವಿನಿಮಯದಾರರಿಗೋ ಒಪ್ಪಿಸಬೇಕು. ನಾಣ್ಯಗಳಿಗೆ ಮಿತಿಯಿಲ್ಲ, ಆದರೆ ಅವನ್ನು ಕೊಳ್ಳುವವರೂ ಅಪರೂಪ. ಅಲ್ಲಿಯೇ ಖರ್ಚು ಮಾಡಿ ಬರುವುದು ಲೇಸು.

ಹೆಚ್ಚಿನವರು ಎಡವುವುದು ಬೇರೆ ಕಡೆ. ‘ನೆಂಟರ ಹುಡುಗ ಓದಲು ಹೊರಟಿದ್ದಾನೆ, ಅವನಿಗೇ ಕೊಟ್ಟು ರೂಪಾಯಿ ತೆಗೆದುಕೊಳ್ಳೋಣ’ ಎನ್ನುವುದು ಮನೆಮನೆಯ ಮಾತು. ಉದ್ದೇಶ ಒಳ್ಳೆಯದೇ. ಆದರೂ ಪರವಾನಗಿ ಇಲ್ಲದವರ ನಡುವೆ ಇಂಥ ಕೊಡುಕೊಳ್ಳುವಿಕೆಗೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಒಪ್ಪುವುದಿಲ್ಲ. ದಂಡ ಆ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು.

ಬ್ಯಾಂಕಿನ ಎಲ್ಲ ಶಾಖೆಗಳಲ್ಲೂ ವಿದೇಶಿ ನೋಟು ತೆಗೆದುಕೊಳ್ಳುವುದಿಲ್ಲ. ತುಮಕೂರಿಗೋ ಬೆಂಗಳೂರಿಗೋ ಹೊರಡುವ ಮುನ್ನ ಫೋನ್ ಮಾಡಿ ಕೇಳಿ. ಕೊಬ್ಬರಿ ಮಾರುವಾಗ ಕ್ವಿಂಟಾಲಿಗೆ ನೂರು ರೂಪಾಯಿ ವ್ಯತ್ಯಾಸಕ್ಕೂ ನಾಲ್ಕು ಮಂಡಿ ವಿಚಾರಿಸುವವರು ಡಾಲರನ್ನು ಮಾತ್ರ ಕೇಳಿದ ದರಕ್ಕೇ ಕೊಟ್ಟುಬಿಡುತ್ತಾರೆ! ಡಾಲರಿಗೆ 3 ರೂಪಾಯಿ ಕಡಿಮೆಯಾದರೆ 300 ಡಾಲರಿಗೆ 900 ರೂಪಾಯಿ ಹೋಯಿತು. ಫಲಕದ ಎರಡು ದರಗಳಲ್ಲಿ ನಿಮಗೆ ಸಿಗುವುದು ಕಡಿಮೆಯದು, ಅಂದರೆ ಅವರ ಖರೀದಿ ದರ. ವಿನಿಮಯದ ಪ್ರಮಾಣಪತ್ರವನ್ನು ಕೇಳಿ ಪಡೆದು, ಪಾಸ್‌ಪೋರ್ಟ್ ಜೊತೆಗಿಡಿ.