ಕಿರಿಯ ಪ್ರಾಥಮಿಕ ಶಾಲಾ ಮಕ್ಕಳಿಗೆ ಉದ್ದದ ಅಳತೆಯ ಕಲಿಕೆ: ಪಾಲಕರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಒಂದರಿಂದ ಮೂರನೆಯ ತರಗತಿಯವರೆಗಿನ ಗಣಿತ ಕಲಿಕೆಯಲ್ಲಿ ಸಂಖ್ಯೆಗಳಷ್ಟೇ ಮಹತ್ವ ಅಳತೆಗೂ ಇದೆ. ಅಳತೆಗಳಲ್ಲಿ ಮಗುವಿಗೆ ಮೊದಲು ಎದುರಾಗುವುದು ಉದ್ದ. ಬಾಗಲಕೋಟೆ ತಾಲ್ಲೂಕಿನ ಬೇವೂರು ಹಾಗೂ ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಗ್ರಾಮಗಳ ಪಾಲಕರಿಗೆ, ಶಾಲೆಯಲ್ಲಿ ಉದ್ದದ ಅಳತೆಯನ್ನು ಯಾವ ಕ್ರಮದಲ್ಲಿ ಕಲಿಸಲಾಗುತ್ತದೆ, ಮನೆಯಲ್ಲಿ ಯಾವ ರೀತಿ ನೆರವಾಗಬಹುದು ಎಂಬುದನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

ಅಳತೆಯ ಅಗತ್ಯ

ಈ ಭಾಗದ ಜನಜೀವನವು ಅಳತೆಯನ್ನು ಅವಲಂಬಿಸಿದೆ. ಇಳಕಲ್ಲ ಸೀರೆಯ ನೇಯ್ಗೆಯಲ್ಲಿ ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕೊಂಡಿಗಳ ಮೂಲಕ ಜೋಡಿಸುವ 'ತೋಪು ತೆನೆ' ಪದ್ಧತಿ ಇರುವುದರಿಂದ, ಪ್ರತಿ ಸೀರೆಗೂ ಹಾಸನ್ನು ಅಳೆದು ಸಿದ್ಧಪಡಿಸಬೇಕಾಗುತ್ತದೆ. ಆರು ಗಜದ ಸೀರೆ ಎಂದರೆ ಸುಮಾರು 5.49 ಮೀಟರ್, ಒಂಬತ್ತು ಗಜದ್ದಾದರೆ ಸುಮಾರು 8.23 ಮೀಟರ್. ಹಾಸಿನ ಅಳತೆ ತಪ್ಪಿದರೆ ಸೀರೆಯೇ ಗಿಡ್ಡಾಗುತ್ತದೆ.

ಜಮೀನಿನ ವಿಷಯದಲ್ಲಿಯೂ ಹೀಗೆಯೇ. ಆಲಮಟ್ಟಿ ಜಲಾಶಯದಲ್ಲಿ ನೀರನ್ನು ಸಮುದ್ರ ಮಟ್ಟದಿಂದ 519.600 ಮೀಟರ್ ಎತ್ತರದವರೆಗೆ ಸಂಗ್ರಹಿಸಲಾಗುತ್ತಿದ್ದು, ಕೃಷ್ಣಾ ಜಲವಿವಾದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ 524.256 ಮೀಟರ್‌ವರೆಗೆ ಅನುಮತಿ ನೀಡಿತು. ಇವೆರಡರ ಅಂತರ 4 ಮೀಟರ್ 65 ಸೆಂಟಿಮೀಟರ್ 6 ಮಿಲಿಮೀಟರ್. ಓದಲು ಇದು ಸಣ್ಣ ಅಂಕಿ. ಆದರೆ ನೀರು ಅಷ್ಟು ಏರಿದಲ್ಲಿ ಸಾವಿರಾರು ಎಕರೆ ಜಮೀನು ಮುಳುಗಡೆಯಾಗುತ್ತದೆ. ಅಂಕಿಯ ಹಿಂದಿರುವ ಗಾತ್ರವನ್ನು ಊಹಿಸಬಲ್ಲ ಶಕ್ತಿಗೆ ಅಡಿಪಾಯ ಬೀಳುವುದು ಪ್ರಾಥಮಿಕ ತರಗತಿಗಳಲ್ಲಿಯೇ.

ಕಲಿಕೆಯ ಹಂತಗಳು

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಲಾದ ನಲಿ-ಕಲಿ ಪದ್ಧತಿಯಲ್ಲಿ ಮಗು ಮಾಡಿ ಕಲಿಯುವುದಕ್ಕೆ ಆದ್ಯತೆ ನೀಡಲಾಗಿದೆ. ಉದ್ದದ ಅಳತೆಯನ್ನೂ ಈ ಕೆಳಕಂಡ ಕ್ರಮದಲ್ಲಿ ಮಾಡಿಯೇ ಕಲಿಯತಕ್ಕದ್ದು.

1. ನೇರ ಹೋಲಿಕೆ: ಎರಡು ಕಡ್ಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಉದ್ದ, ಯಾವುದು ಗಿಡ್ಡ ಎಂದು ಹೇಳುವುದು. ಎರಡರ ಒಂದು ತುದಿ ಸಮನಾಗಿರಬೇಕು. ಸಮನಾದ ಎರಡು ಕಡ್ಡಿಗಳಲ್ಲಿ ಒಂದನ್ನು ಸ್ವಲ್ಪ ಮುಂದೆ ಸರಿಸಿದರೆ, ಅದೇ ಉದ್ದವೆಂದು ಎಳೆಯ ಮಕ್ಕಳು ಹೇಳುವುದುಂಟು. ಸರಿಸಿದ ಮಾತ್ರಕ್ಕೆ ಉದ್ದ ಬದಲಾಗದು ಎಂಬ ಅರಿವು ಅನುಭವದಿಂದ ಬರುತ್ತದೆ; ಗದರಿಸುವುದರಿಂದ ಬಾರದು.

2. ದಾರದ ಮೂಲಕ ಹೋಲಿಕೆ: ಬಾಗಿಲು ಮತ್ತು ಕಿಟಕಿಯನ್ನು ಪಕ್ಕದಲ್ಲಿ ತಂದಿಡಲಾಗದು. ಒಂದರ ಅಗಲಕ್ಕೆ ದಾರ ಹಿಡಿದು, ಅದೇ ದಾರವನ್ನು ಇನ್ನೊಂದಕ್ಕೆ ಹಿಡಿದು ನೋಡಲು ತಿಳಿಸಲಾಗುತ್ತದೆ.

3. ಮೈಯಳತೆ: ಬೆರಳು, ಗೇಣು, ಮೊಳ, ಮಾರು, ಹೆಜ್ಜೆಗಳಿಂದ ಅಳೆಯುವುದು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬ ಲೆಕ್ಕ ಮನೆಯ ಹಿರಿಯರಿಗೆ ತಿಳಿದಿರುವುದೇ ಆಗಿದೆ. ಅಳೆಯುವಾಗ ಒಂದು ಗೇಣಿಗೂ ಮುಂದಿನ ಗೇಣಿಗೂ ನಡುವೆ ಜಾಗ ಬಿಡಬಾರದು, ಒಂದರ ಮೇಲೊಂದು ಬರಲೂಬಾರದು.

4. ಸಮಾನ ಅಳತೆಯ ಅಗತ್ಯ: ಒಂದು ಹಲಗೆ ತಾಯಿಯ ಗೇಣಿಗೆ 5, ಮಗುವಿನ ಗೇಣಿಗೆ 8 ಬಂದಾಗ 'ಯಾರದು ಸರಿ?' ಎಂಬ ಪ್ರಶ್ನೆ ಏಳುತ್ತದೆ. ಇಬ್ಬರದೂ ಸರಿ, ಹಲಗೆ ಒಂದೇ, ಗೇಣು ಬೇರೆ. ಎಲ್ಲರಿಗೂ ಒಂದೇ ಆಗಿರುವ ಅಳತೆ ಏಕೆ ಬೇಕೆಂಬುದು ಮಗುವಿಗೆ ಇಲ್ಲಿ ಮನವರಿಕೆಯಾಗುತ್ತದೆ. ಇದೇ ಕಾರಣಕ್ಕಾಗಿ ದೇಶದಲ್ಲಿ 1956ರ ಕಾಯ್ದೆಯನ್ವಯ 1958ರಿಂದ ಹಂತ ಹಂತವಾಗಿ ಮೆಟ್ರಿಕ್ ಪದ್ಧತಿಯನ್ನು ಜಾರಿಗೆ ತರಲಾಯಿತು. ಈಗ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಜಾರಿಯಲ್ಲಿದೆ.

5. ಸೆಂಟಿಮೀಟರ್ ಮತ್ತು ಮೀಟರ್: ಈ ನಾಲ್ಕೂ ಹಂತಗಳ ನಂತರ ಮಾತ್ರ ಅಳತೆಪಟ್ಟಿಯನ್ನು ಮಗುವಿನ ಕೈಗೆ ಕೊಡುವುದು ಸೂಕ್ತ. 100 ಸೆಂಟಿಮೀಟರ್ ಸೇರಿ ಒಂದು ಮೀಟರ್ ಎಂಬುದನ್ನು ಬಾಯಿಪಾಠ ಮಾಡಿಸುವ ಮೊದಲು, ಒಂದು ಮೀಟರ್ ಉದ್ದದ ಕೋಲನ್ನು ಮಗು ಹಿಡಿದು ನೋಡಿರಬೇಕು.

ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

ಅ) ಅಳತೆಪಟ್ಟಿಯ ಸೊನ್ನೆಯ ಬದಲು 1ರಿಂದ ಅಳೆಯುವುದು. ಇದರಿಂದ ಉತ್ತರದಲ್ಲಿ ಒಂದು ಸೆಂಟಿಮೀಟರ್ ಹೆಚ್ಚಾಗುತ್ತದೆ.

ಆ) ಪಟ್ಟಿಯ ಅಂಚನ್ನೇ ಸೊನ್ನೆ ಎಂದು ತಿಳಿಯುವುದು. ಅನೇಕ ಪಟ್ಟಿಗಳಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಸ್ವಲ್ಪ ಒಳಗೆ ಇರುತ್ತದೆ.

ಇ) ಗೆರೆಗಳನ್ನು ಎಣಿಸುವುದು. ಎಣಿಸಬೇಕಾದುದು ಗೆರೆಗಳ ನಡುವಿನ ಅಂತರವನ್ನು. ಸೊನ್ನೆಯಿಂದ 5ರವರೆಗೆ ಗೆರೆಗಳು ಆರು, ಅಂತರಗಳು ಐದು.

ಈ) ಒಂದೇ ಪಟ್ಟಿಯಲ್ಲಿರುವ ಇಂಚು ಮತ್ತು ಸೆಂಟಿಮೀಟರ್‌ಗಳನ್ನು ಅದಲುಬದಲು ಮಾಡುವುದು. ಒಂದು ಇಂಚು 2.54 ಸೆಂಟಿಮೀಟರ್‌ಗೆ ಸಮ.

ಮಗುವಿಗೆ ನಿಜವಾಗಿ ತಿಳಿದಿದೆಯೇ ಎಂದು ನೋಡಲು ಸರಳ ಮಾರ್ಗವಿದೆ. ಸೊನ್ನೆಯ ಭಾಗ ಮುರಿದ ಪಟ್ಟಿಯನ್ನು ಕೊಟ್ಟು ಪೆನ್ಸಿಲ್ ಅಳೆಯಲು ಹೇಳಬೇಕು. ಪೆನ್ಸಿಲಿನ ಒಂದು ತುದಿ 3ಕ್ಕೆ, ಇನ್ನೊಂದು ತುದಿ 8ಕ್ಕೆ ಬಂದಾಗ '5 ಸೆಂಟಿಮೀಟರ್' ಎನ್ನುವ ಮಗುವಿಗೆ ಅಳತೆ ತಿಳಿದಿದೆ. '8' ಎನ್ನುವ ಮಗು ಕೇವಲ ಅಂಕಿಯನ್ನು ಓದುತ್ತಿದೆ ಎಂದರ್ಥ; ಅಂತಹ ಮಗುವನ್ನು ಪುನಃ ಮೂರನೆಯ ಹಂತದ ಚಟುವಟಿಕೆಗಳಿಗೆ ಕರೆದೊಯ್ಯತಕ್ಕದ್ದು.

ಮನೆಯಲ್ಲಿ ಪಾಲಕರು ಮಾಡಬಹುದಾದ ಸಹಾಯ

ಇದಕ್ಕೆ ಯಾವುದೇ ಖರ್ಚಿನ ಅಗತ್ಯವಿಲ್ಲ. ಹೂವಿನ ಮಾಲೆಯನ್ನು ಮೊಳದಲ್ಲಿ, ಹಗ್ಗವನ್ನು ಮಾರಿನಲ್ಲಿ, ಅಂಗಳವನ್ನು ಹೆಜ್ಜೆಯಲ್ಲಿ ಮಗುವಿನಿಂದಲೇ ಅಳೆಸಬಹುದು. ಅಳೆಯುವ ಮೊದಲು 'ಎಷ್ಟು ಬಂದೀತು?' ಎಂದು ಕೇಳಿ ಅಂದಾಜು ಹೇಳಿಸುವುದು ಬಹು ಮುಖ್ಯ. ಗೋಡೆಯ ಮೇಲೆ ಗುರುತು ಹಾಕಿ ಮಗುವಿನ ಎತ್ತರವನ್ನು ಮೂರು ತಿಂಗಳಿಗೊಮ್ಮೆ ಬರೆದಿಡಬಹುದು. ಅರಿವೆ ಅಂಗಡಿಗೆ ಹೋದಾಗ ಮೀಟರ್ ಕೋಲಿನ ಮೇಲೆ ಸರ್ಕಾರದ ಪರಿಶೀಲನಾ ಮುದ್ರೆ ಇರುವುದನ್ನು ತೋರಿಸಬಹುದು. ಓದು ಬರಹ ಬಾರದ ಅಜ್ಜ ಅಜ್ಜಿಯರೂ ಗೇಣು, ಮೊಳಗಳ ವಿಷಯದಲ್ಲಿ ಮಕ್ಕಳಿಗೆ ಉತ್ತಮ ಶಿಕ್ಷಕರಾಗಬಲ್ಲರು.

ಉದ್ದದಿಂದ ಎಕರೆ-ಗುಂಟೆಗೆ

ಉದ್ದವನ್ನು ಸರಿಯಾಗಿ ಕಲಿತ ಮಗುವಿಗೆ ಮುಂದೆ ಕ್ಷೇತ್ರಫಲ ಸುಲಭವಾಗುತ್ತದೆ. ಮುಂಬಯಿ ಪ್ರಾಂತ್ಯದ ಕಾಲದ ಭೂಮಾಪನದಲ್ಲಿ 33 ಅಡಿ ಉದ್ದದ, 16 ಆಣೆಗಳಾಗಿ ವಿಭಾಗಿಸಿದ ಸರಪಳಿಯನ್ನು ಬಳಸಲಾಗುತ್ತಿತ್ತು. ಉದ್ದ 33 ಅಡಿ, ಅಗಲ 33 ಅಡಿ ಇರುವ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 16 ಆಣೆಗೆ ಒಂದು ಗುಂಟೆ.

ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳ ಕ್ರಮದಲ್ಲಿ ನಮೂದಿಸಲಾಗುತ್ತದೆ. 2-20 ಎಂದು ಇದ್ದಲ್ಲಿ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನು ದಶಮಾಂಶವೆಂದು ತಿಳಿದು ಲೆಕ್ಕ ಹಾಕಿದವರು 2 ಎಕರೆ 8 ಗುಂಟೆ ಎಂದು ಭಾವಿಸಿ, 12 ಗುಂಟೆಯಷ್ಟು ಜಮೀನನ್ನು ಲೆಕ್ಕದಿಂದಲೇ ಕಳೆದುಕೊಳ್ಳುತ್ತಾರೆ. ಮಕ್ಕಳು 2 ಮೀಟರ್ 5 ಸೆಂಟಿಮೀಟರನ್ನು 2.05ರ ಬದಲು 2.5 ಮೀಟರ್ ಎಂದು ಬರೆಯುವುದೂ ಇದೇ ಬಗೆಯ ತಪ್ಪು. ಎಷ್ಟು ಚಿಕ್ಕ ಅಳತೆ ಸೇರಿ ಒಂದು ದೊಡ್ಡ ಅಳತೆಯಾಗುತ್ತದೆ ಎಂಬುದನ್ನು ಮೊದಲು ಕೇಳುವ ರೂಢಿಯಿದ್ದಲ್ಲಿ ಇಂತಹ ತಪ್ಪುಗಳು ಆಗಲಾರವು. ಹದ್ದುಬಸ್ತು ಅಥವಾ 11-ಇ ನಕ್ಷೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರೂ ಪಹಣಿಯ ವಿಸ್ತೀರ್ಣವನ್ನು ಈ ರೀತಿ ಓದಿಕೊಳ್ಳುವುದು ಒಳ್ಳೆಯದು.

ಪಾಲಕರ ಗಮನಕ್ಕೆ

ಮೂರನೆಯ ತರಗತಿ ಮುಗಿಯುವ ವೇಳೆಗೆ ಮಗು ಅಳತೆಪಟ್ಟಿಯಿಂದ ಸೆಂಟಿಮೀಟರ್‌ಗಳಲ್ಲಿ ಅಳೆಯಲು, ಅಳತೆಗೆ ಮೊದಲು ಅಂದಾಜು ಹೇಳಲು ಹಾಗೂ ಸೆಂಟಿಮೀಟರ್ ಎಲ್ಲಿ, ಮೀಟರ್ ಎಲ್ಲಿ ಬಳಸಬೇಕೆಂದು ಆರಿಸಲು ಶಕ್ತವಾಗಿರಬೇಕು. ಹಾಗಿಲ್ಲದಿದ್ದಲ್ಲಿ ಪಾಲಕರು ಆತಂಕಪಡದೆ ತರಗತಿ ಶಿಕ್ಷಕರೊಂದಿಗೆ ಚರ್ಚಿಸಬೇಕು. ಶಾಲೆಯಲ್ಲಿ ಅಳತೆಯ ಸಾಮಗ್ರಿಗಳು ಅಗತ್ಯವಿದ್ದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸಬಹುದಾಗಿದೆ. ಹೆಚ್ಚಿನ ಮಾಹಿತಿಗಾಗಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.