ಆಯಿಲ್ ತುಂಬಿತ್ತು, ಎಂಜಿನ್ ಹೋಯಿತು

ಕಳೆದ ಬೇಸಿಗೆ ರಜೆಯಲ್ಲಿ ಮಾಮೂ ಅವರ ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ದಿನ ರೇಸ್ ಟ್ರ್ಯಾಕಿಗೆ ಹೋಗಿದ್ದ ಹಳೆಯ ಮಾರುತಿ ಎಸ್ಟೀಮ್ ಕಾರು ಟೆಂಪೊ ಮೇಲೆ ವಾಪಸ್ ಬಂತು. ಅದರ ಎಂಜಿನ್ ಕಟ್ಟಿದ್ದವರು ಮಾಮೂ ಅವರೇ. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸುಟ್ಟು ಕ್ರ್ಯಾಂಕಿಗೆ ಅಂಟಿಕೊಂಡಿತ್ತು. ಮಾಮೂ ಡಿಪ್‌ಸ್ಟಿಕ್ ಎಳೆದು ನೋಡಿ, "ತೇಲ್ ತೋ ಪೂರಾ ಥಾ ರೇ" ಎಂದು ಸುಮ್ಮನಾದರು.

ಆಯಿಲ್ ಇದ್ದರೂ ಎಂಜಿನ್ ಯಾಕೆ ಹೋಯಿತು?

ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಕೂದಲೆಳೆಯಷ್ಟೇ ಜಾಗ. ಅಲ್ಲಿರುವ ಆಯಿಲ್ ಪದರದ ಮೇಲೆ ಕ್ರ್ಯಾಂಕ್ ತೇಲುತ್ತಾ ತಿರುಗುತ್ತದೆ, ಲೋಹಕ್ಕೆ ಲೋಹ ತಾಗುವುದಿಲ್ಲ. ಎಂಜಿನ್ ಕೆಳಗಿನ ಆಯಿಲ್ ಚೇಂಬರಿನಲ್ಲಿ ಒಂದು ಸ್ಟ್ರೈನರ್ ಇರುತ್ತದೆ. ಪಂಪ್ ಅದರ ಮೂಲಕ ಆಯಿಲ್ ಹೀರಿ, ಫಿಲ್ಟರ್ ದಾಟಿಸಿ, ಬೇರಿಂಗಿಗೆ ಕಳಿಸುತ್ತದೆ.

ದಾವತ್‌ನಲ್ಲಿ ಸಾಲನ್ ಬಕೆಟ್ ಹಿಡಿದು ಓಡಿದವರಿಗೆ ಮುಂದಿನದು ಹೇಳಬೇಕಿಲ್ಲ. ತಿರುವಿನಲ್ಲಿ ಕಾರಿನ ಮೇಲೆ ಬೀಳುವ ಬಲ 1 ಜಿ ಆದರೆ ಚೇಂಬರಿನೊಳಗಿನ ಆಯಿಲ್ 45 ಡಿಗ್ರಿ ವಾಲುತ್ತದೆ. ಒಳ್ಳೆಯ ಹಿಡಿತದ ರೇಸ್ ಟೈರ್ ಹಾಕಿದ ಕಾರು ಅದರ ಹತ್ತಿರ ಹೋಗುತ್ತದೆ. ಆಯಿಲ್ ಎಲ್ಲಾ ಒಂದು ಗೋಡೆಗೆ ಏರಿದಾಗ ಸ್ಟ್ರೈನರ್ ಹೀರುವುದು ಗಾಳಿಯನ್ನು. 6000 ಆರ್‌ಪಿಎಂ ಎಂದರೆ ಸೆಕೆಂಡಿಗೆ 100 ಸುತ್ತು. ಎರಡು ಸೆಕೆಂಡಿನ ತಿರುವಿನಲ್ಲಿ 200 ಸುತ್ತು ಒಣಗಿದ ಬೇರಿಂಗ್ ಮೇಲೆ! ಎಚ್ಚರಿಕೆಯ ಕೆಂಪು ದೀಪ ಹೊತ್ತಿಕೊಳ್ಳುವುದು ಪ್ರೆಷರ್ ತೀರಾ ಬಿದ್ದ ಮೇಲೆ. ಆಗ ಓಡಿಸುವವನ ಕಣ್ಣು ರಸ್ತೆಯ ಮೇಲಿರುತ್ತದೆ.

ದೊಡ್ಡ ಪಂಪ್ ಹಾಕಿದರೆ ಸಾಕಲ್ಲವೇ ಎಂದು ನಾನು ಕೇಳಿದೆ. ಅದು ಇನ್ನೂ ಕೆಟ್ಟದ್ದಂತೆ. ಮೇಲೆ ಸಿಲಿಂಡರ್ ಹೆಡ್‌ಗೆ ಹೋದ ಆಯಿಲ್ ಕೆಳಗಿಳಿಯಲು ಸಮಯ ಬೇಕು, ದೊಡ್ಡ ಪಂಪ್ ಅಷ್ಟರೊಳಗೆ ಚೇಂಬರನ್ನೇ ಖಾಲಿ ಮಾಡಬಹುದು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಪ್ರೆಷರ್ ಇದ್ದರೆ ಸಾಕು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಆಯಿಲ್ ಹೆಚ್ಚು ಸುರಿದರೂ ತೊಂದರೆಯೇ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯೊಳಗೆ ಇರುವುದು ಮತ್ತೆ ಗಾಳಿ.

ಮಾಮೂ ಮಾಡಿದ್ದು ಬೇರೆ. ಸ್ಟ್ರೈನರ್ ಸುತ್ತ ತಗಡಿನ ಗೋಡೆ ವೆಲ್ಡ್ ಮಾಡಿ, ಅದರಲ್ಲಿ ಬಿಜಾಗರಿಯ ಪುಟ್ಟ ಬಾಗಿಲುಗಳನ್ನು ಇಟ್ಟರು. ಅವು ಒಳಕ್ಕೆ ಮಾತ್ರ ತೆರೆಯುತ್ತವೆ. ಬಂದ ಆಯಿಲ್ ಹೊರಗೆ ಹೋಗಲಾರದು. ಸ್ಟ್ರೈನರ್ ಚೇಂಬರಿನ ತಳಕ್ಕೆ ತೀರಾ ಅಂಟಿದ್ದರೆ ಆಯಿಲ್ ಸರಾಗ ಬರುವುದಿಲ್ಲ, ಮೇಲಿದ್ದರೆ ಬೇಗ ಗಾಳಿ ಹೀರುತ್ತದೆ. ಅಂತರ ಅಳೆಯಲು ನನ್ನ ತಂಗಿ ಆಡುವ ಹಸಿರು ಕ್ಲೇ ತರಿಸಿದರು. ತಳದಲ್ಲಿ ಉಂಡೆ ಇಟ್ಟು, ಚೇಂಬರ್ ಕೂರಿಸಿ, ತೆಗೆದು ಅಳೆದರೆ 8 ಮಿಲಿಮೀಟರ್. ಸರಿಯಾಗಿತ್ತು. (ಕ್ಲೇ ವಾಪಸ್ ಕೊಡಲಿಲ್ಲ ಎಂದು ತಂಗಿಗೆ ಇನ್ನೂ ಸಿಟ್ಟು.) ಕೊನೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಹೊಸದಾಗಿ ಹಾಕಿದ ಗೇಜಿನ ಮುಳ್ಳು ಏಳುವ ತನಕ ಎಂಜಿನನ್ನು ಬರೀ ಸ್ಟಾರ್ಟರ್‌ನಿಂದ ತಿರುಗಿಸಿದರು. ಆಮೇಲಷ್ಟೇ ಸ್ಟಾರ್ಟ್ ಮಾಡಿದ್ದು.

ಹಳೆಯ ಪೋರ್ಷೆ 911ರಂಥ ಕಾರುಗಳಲ್ಲಿ ಡ್ರೈ ಸಂಪ್ ಇರುತ್ತದೆ. ಅಲ್ಲಿ ಆಯಿಲ್ ಕೆಳಗೆ ನಿಲ್ಲುವುದಿಲ್ಲ, ಬೇರೆ ಪಂಪ್ ಅದನ್ನು ಪ್ರತ್ಯೇಕ ಟ್ಯಾಂಕಿಗೆ ಸಾಗಿಸುತ್ತದೆ. ಎಸ್ಟೀಮಿಗೆ ಅದನ್ನು ಹಾಕಿಸಿದರೆ ಕಾರಿನ ಬೆಲೆಗಿಂತ ಖರ್ಚೇ ಜಾಸ್ತಿ.

ತಗಡು, ವೆಲ್ಡಿಂಗ್ ಸೇರಿ 1,400 ರೂಪಾಯಿ. ಕ್ರ್ಯಾಂಕ್, ರಾಡ್, ಬೇರಿಂಗ್ ಎಲ್ಲಾ ಸೇರಿ 38,000. ಗಿರಾಕಿಯ ಹೆಸರಿಗೆ ಬರೆಯಲು ಹೋದರೆ ಮಾಮೂ ತಡೆದರು. "ಅವನದ್ದೇನು ತಪ್ಪು? ಪವರ್ ಜಾಸ್ತಿ ಮಾಡಿ ಚೇಂಬರ್ ಹಳೆಯದೇ ಬಿಟ್ಟವನು ನಾನು. ನನ್ನ ಲೆಕ್ಕಕ್ಕೆ ಬರಿ" ಎಂದರು. ಗ್ಯಾರೇಜಿನ ನಷ್ಟದ ಕಾಲಮ್ಮಿನಲ್ಲಿ ಬರೆದೆ. ಆ ತಿಂಗಳು ಮಾಮೂ ಮನೆಗೆ ಏನೂ ಒಯ್ಯಲಿಲ್ಲ.

ಕಾರು ಮತ್ತೆ ಟ್ರ್ಯಾಕಿಗೆ ಹೋಗಿ ಬಂದಿದೆ. ಗೇಜಿನ ಮುಂದೆ ಮೊಬೈಲ್ ಕಟ್ಟಿ ವಿಡಿಯೊ ತೆಗೆಸಿದ್ದರು. ಉದ್ದನೆಯ ತಿರುವಿನಲ್ಲಿ ಮುಳ್ಳು ಸ್ವಲ್ಪ ನಡುಗುತ್ತದೆ, ಬೀಳುವುದಿಲ್ಲ. ಮಾಮೂ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದರು.