ಫಿಲ್ಟರ್ ಬೇಕಿದ್ದದ್ದು ಕೊಳೆನೀರಿಗಲ್ಲ!

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಗೆಳೆಯರು ಆರಿಸಿಕೊಂಡ ವಿಷಯ ಗಣಿ ನೀರಿನ ಶುದ್ಧೀಕರಣ. ಪಿವಿಸಿ ಪೈಪಿನೊಳಗೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ತುಂಬಿ, ಆಮ್ಲ ಮತ್ತು ಕಬ್ಬಿಣದ ಲವಣ ಬೆರೆಸಿದ ನೀರನ್ನು ಮೇಲಿನಿಂದ ಬಿಟ್ಟೆವು. ಕೆಳಗೆ ಬಂದ ನೀರಿಗೆ ಅದ್ದಿದ ಕೆಂಪು ಲಿಟ್ಮಸ್ ಕಾಗದ ನೀಲಿಯಾಯಿತು. ಅಂದೇ ಕ್ಯಾಂಟೀನ್‌ನಲ್ಲಿ ಪಾರ್ಟಿಯೂ ಆಯಿತು. ವಾರ ಕಳೆಯುವಷ್ಟರಲ್ಲಿ ಪೈಪಿನಿಂದ ಒಂದು ಹನಿಯೂ ಇಳಿಯಲಿಲ್ಲ. ಬಿಚ್ಚಿ ನೋಡಿದರೆ ಸ್ಲ್ಯಾಗ್ ಚೂರುಗಳ ಮೇಲೆಲ್ಲ ತುಕ್ಕು ಬಣ್ಣದ ರಾಡಿ!

ಗಣಿ ನೀರು ಹುಳಿಯಾಗುವುದೇಕೆ? ಕಲ್ಲಿದ್ದಲಿನ ಜೊತೆ ಹಲವೆಡೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜವಿರುತ್ತದೆ. ಅಗೆದಾಗ ಅದಕ್ಕೆ ಗಾಳಿ, ನೀರು ತಗುಲಿ ಗಂಧಕಾಮ್ಲ ಹುಟ್ಟುತ್ತದೆ. ಅದು ಕಬ್ಬಿಣ, ಅಲ್ಯೂಮಿನಿಯಂನಂಥ ಲೋಹಗಳನ್ನು ಕರಗಿಸಿಕೊಂಡು ಹೊಳೆ ಸೇರುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಆಗಿರುವುದು ಇದೇ. ಅಲ್ಲಿಂದ ಅಸ್ಸಾಂ ಕಡೆಗೆ ಹರಿಯುವ ಕೋಪಿಲಿ ನದಿಯ ಹುಳಿ ನೀರು ಜಲವಿದ್ಯುತ್ ಕೇಂದ್ರದ ಲೋಹದ ಭಾಗಗಳನ್ನೇ ತಿಂದುಹಾಕಿತು. ಇಲಿಬಿಲದಂಥ ಆ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಆದರೆ ಅಗೆಯುವುದು ನಿಂತರೂ ಆಮ್ಲ ಹುಟ್ಟುವುದು ನಿಲ್ಲುವುದಿಲ್ಲ. ಗಣಿ ಬಿಟ್ಟುಹೋದ ಮೇಲೆ ಆ ನೀರಿಗೆ ಹಣ ಸುರಿಯುವವರು ಯಾರು? ಅದಕ್ಕೇ ಅಗ್ಗದ ದಾರಿ ಬೇಕು.

ಬಳ್ಳಾರಿ ಕಡೆಯವರಿಗೆ ಸ್ಲ್ಯಾಗ್ ಹೊಸದಲ್ಲ. ಉಕ್ಕು ಮಾಡುವಾಗ ಕಲ್ಮಶ ತೆಗೆಯಲು ಸುಣ್ಣ ಹಾಕುತ್ತಾರೆ. ಕಲ್ಮಶದ ಜೊತೆ ಸೇರಿ ಮೇಲೆ ತೇಲುವ ಅದು ತಣ್ಣಗಾದರೆ ಸ್ಲ್ಯಾಗ್. ಅದರಲ್ಲಿ ಉಳಿದ ಸುಣ್ಣ ನೀರು ತಗುಲಿದರೆ ಉಬ್ಬುತ್ತದೆ. ಹಾಗಾಗಿ ಕಟ್ಟಡ, ರಸ್ತೆಗೆ ಬಳಸುವ ಮುನ್ನ ಹದಗೊಳಿಸಬೇಕು. ಆದರೆ ಹುಳಿ ನೀರಿಗೆ ಬೇಕಿರುವುದು ಆ ಸುಣ್ಣವೇ.

ಹಾಗಾದರೆ ನಮ್ಮ ಪೈಪ್ ಕಟ್ಟಿಕೊಂಡದ್ದೇಕೆ? ಹುಳಿ ಇಳಿದಂತೆ ಕರಗಿದ್ದ ಕಬ್ಬಿಣ ಗಟ್ಟಿಯಾಗಿ ಸ್ಲ್ಯಾಗ್ ಮೇಲೆಯೇ ಕೂತಿತ್ತು. ಲೈಬ್ರರಿಯಲ್ಲಿ ಹುಡುಕಿದಾಗ ಉತ್ತರ ಸಿಕ್ಕಿತು. ಅಮೆರಿಕದ ಒಹಾಯೊ, ವೆಸ್ಟ್ ವರ್ಜೀನಿಯಾ ರಾಜ್ಯಗಳ ಹಳೆಯ ಕಲ್ಲಿದ್ದಲು ಗಣಿಗಳ ಬಳಿ ಹತ್ತಿರದ ತಿಳಿನೀರನ್ನು ಸ್ಲ್ಯಾಗ್ ಹಾಸಿನ ಮೂಲಕ ಹರಿಸುತ್ತಾರೆ. ಹೊರಬರುವ ನೀರಿನ ಪಿಎಚ್ 10 ದಾಟಬಲ್ಲದು. ಅದನ್ನು ಹುಳಿ ನೀರಿಗೆ ಬೆರೆಸುತ್ತಾರೆ. ಲೋಹದ ರಾಡಿ ಸ್ಲ್ಯಾಗನ್ನು ಮುಟ್ಟದೆ ಆಚೆ ತಳ ಸೇರುತ್ತದೆ. ಇಳಿಜಾರಿದ್ದರೆ ಕರೆಂಟ್, ಪಂಪು ಯಾವುದೂ ಬೇಡ.

ಎರಡನೇ ಸಲ ನಾವೂ ಹಾಗೇ ಮಾಡಿದೆವು. ನಲ್ಲಿ ನೀರನ್ನು ಸ್ಲ್ಯಾಗ್ ಮೂಲಕ ಇಳಿಸಿ, ಬಕೆಟ್‌ನಲ್ಲಿದ್ದ ಹುಳಿ ನೀರಿಗೆ ಬೆರೆಸಿದೆವು. ರಾಡಿ ಬಕೆಟ್ ತಳದಲ್ಲಿ ಕೂತಿತು. ಪೈಪು ಸೆಮಿಸ್ಟರ್ ಮುಗಿಯುವವರೆಗೂ ಹರಿಯಿತು.

ಇದೇನು ಮಂತ್ರದಂಡವಲ್ಲ. ಸ್ಲ್ಯಾಗ್‌ನಲ್ಲೇ ಕ್ರೋಮಿಯಂನಂಥ ಲೋಹಗಳಿರಬಹುದು. ಬಳಸುವ ಮುನ್ನ ಪರೀಕ್ಷೆ ಆಗಲೇಬೇಕು. ಕ್ಷಾರ ಹೆಚ್ಚಾದರೂ ಮೀನು ಉಳಿಯುವುದಿಲ್ಲ. ರಾಡಿಯನ್ನು ಆಗಾಗ ಎತ್ತಬೇಕು, ಸ್ಲ್ಯಾಗ್ ಬದಲಿಸಬೇಕು.

ಮೊದಲ ಪೈಪಿನ ಕಥೆಯನ್ನು ರಿಪೋರ್ಟ್‌ನಿಂದ ತೆಗೆದುಬಿಡೋಣ ಎಂದಿದ್ದೆವು. ‘ಇರಲಿ ಬಿಡ್ರೋ’ ಎಂದರು ಗೈಡ್. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಹತ್ತು ನಿಮಿಷ ಕೇಳಿದ್ದು ಆ ಕಟ್ಟಿಹೋದ ಪೈಪಿನ ಬಗ್ಗೆಯೇ. ನಾವು ತಡವರಿಸದೆ ಉತ್ತರಿಸಿದ್ದೂ ಅದಕ್ಕೇ!